ಕ್ಷಣಮುದ್ದೆಯ ತಿರುಗಾಟ

ನಮ್ಮ ಕಂಪನಿ ಚೆನ್ನಾಗಿ ನಡೆಯುತ್ತಿದೆ. ಅದೇ ನನ್ನ ಚಿಂತೆ.

ಈ ಮಾತನ್ನು ಡೈರಿಯಲ್ಲಿ ಬರೆದು, ಓದಿ, ಹೊಡೆದು ಹಾಕಿ, ಮತ್ತೆ ಅದನ್ನೇ ಬರೆದೆ. ವ್ಯಾಪಾರ ಕೆಟ್ಟು ಚಿಂತೆ ಮಾಡುವವರನ್ನು ಕಂಡಿದ್ದೇನೆ. ಚೆನ್ನಾಗಿ ನಡೆದರೆ ಹೊಟ್ಟೆಯೊಳಗೆ ಕಪ್ಪೆ ಕೂತ ಹಾಗಾಗುವುದು ನನಗೊಬ್ಬಳಿಗೇ ಇರಬೇಕು.

ಬಿ.ಕಾಂ. ಮುಗಿಸಿ ಯಳಂದೂರಿನ ಮನೆಯಲ್ಲಿ ಕೂತಿದ್ದವಳನ್ನು ಅವ್ವ ಕೊಳ್ಳೇಗಾಲದ ಉದ್ಯಮ ಕೋರ್ಸಿಗೆ ಸೇರಿಸಿದ್ದಳು. ಪದವಿ ಮುಗಿಸಿದವರಿಗಾಗಿ ವಿಶ್ವವಿದ್ಯಾಲಯದವರು ನಡೆಸುವ ಒಂದು ವರ್ಷದ ಕೋರ್ಸು. ಪರೀಕ್ಷೆ ಬರೆಯಬೇಕಿಲ್ಲ. ಮೂವರು ಮೂವರು ಸೇರಿ ನಿಜವಾದ ಒಂದು ವ್ಯಾಪಾರ ಕಟ್ಟಬೇಕು. ಕೊನೆಗೆ ತೀರ್ಪುಗಾರರು ಬಂದು ನೋಡುತ್ತಾರೆ, ಒಪ್ಪಿದರೆ ವಿಶ್ವವಿದ್ಯಾಲಯವೇ ಯಂತ್ರ ಕೊಡಿಸುತ್ತದೆ. ಪರೀಕ್ಷೆ ಇಲ್ಲ ಎಂಬ ಒಂದೇ ಮಾತಿಗೆ ನಾನು ಹೂಂ ಎಂದಿದ್ದೆ. ಅದರ ಬದಲು ಬಾಯಿ ಬಿಡಬೇಕಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ನಮ್ಮ ಮೂವರಲ್ಲಿ ಬಾಯಿ ಇದ್ದವನು ಉದಯಕುಮಾರ್, ಕೊಳ್ಳೇಗಾಲದವನು. ಕೈ ಇದ್ದವಳು ಕೋಮಲ, ಹೊನ್ನೂರಿನವಳು. ಅವಳ ಅಮ್ಮ ಯಶೋದಕ್ಕ ಊರಲ್ಲಿ ರಾಗಿ ಮಿಲ್ಲು ನಡೆಸುತ್ತಾರೆ. ನನಗೆ ಇದ್ದದ್ದು ಅಕ್ಷರ. ದುಂಡಗೆ ಬರೆಯುತ್ತೇನೆಂದು ಚೀಟಿ ಬರೆಯುವ ಕೆಲಸ ಕೊಟ್ಟರು.

“ಮೊದಲು ಜನರ ತೊಂದರೆ ಹುಡುಕಿ, ಆಮೇಲೆ ವ್ಯಾಪಾರ” ಎಂಬುದು ರುದ್ರಸ್ವಾಮಿ ಸರ್ ಹೇಳಿಕೊಟ್ಟ ಮೊದಲ ಪಾಠ. ಉದಯಕುಮಾರ್ ಹಾಸ್ಟೆಲಿನಲ್ಲಿದ್ದಾಗ ಮುದ್ದೆ ತೊಳಸಲು ಹೋಗಿ ಕೈ ಸುಟ್ಟುಕೊಂಡಿದ್ದ. ಅದನ್ನೇ ಅವನು ಮೂರು ತಾಲ್ಲೂಕಿನ ತೊಂದರೆ ಎಂದು ತಿಳಿದ. ಹಾಗೆ ಹುಟ್ಟಿದ್ದು ಕ್ಷಣಮುದ್ದೆ. ಅರ್ಧ ಬೇಯಿಸಿ ಒಣಗಿಸಿದ ರಾಗಿ ಹಿಟ್ಟು, ಬಿಸಿನೀರು ಹಾಕಿ ಕಲಸಿದರೆ ಸಾಕು, ಮುದ್ದೆ. ನಾನು ಒಂದು ತುತ್ತು ತಿಂದು ನೋಡಿದ್ದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು, ಹೇಗಿದೆ ಎಂದು ಅವನು ಕೇಳಿದಾಗ ‘ಹೂಂ’ ಬಿಟ್ಟು ಬೇರೆ ಏನೂ ಹೇಳಲು ಬರುವ ಹಾಗಿರಲಿಲ್ಲ.

ಜನರ ಅಭಿಪ್ರಾಯ ಕೇಳಲು ಹೊನ್ನೂರಿನಲ್ಲಿ ಮನೆ ಮನೆಗೆ ಹೋದೆವು. ಮೊದಲ ಮನೆ ಚಿಕ್ಕನಿಂಗಮ್ಮನದು. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ಅಮ್ಮಾ, ತೊಳಸೋ ಕಷ್ಟಾನೇ ಇಲ್ಲ. ನೀರು ಉಯ್ದು ಕಲಸಿದ್ರೆ ಮುದ್ದೆ ರೆಡಿ. ಹೆಂಗೆ?” ಎಂದ ಉದಯಕುಮಾರ್.

“ಅಯ್ಯೋ, ಭಾಳ ಚೆನ್ನಾಗದೆ ಕಣಪ್ಪ.”

“ದುಡ್ಡು ಕೊಟ್ಟು ತಗತೀರಾ?”

“ತಗತೀವಿ, ಯಾಕ್ ತಗಳಲ್ಲ? ನೀವೆಲ್ಲ ಓದಿರಾ ಮಕ್ಕ. ಕೋಮಲಾ, ಒಳೀಕ್ ಬಾಮ್ಮಿ, ಆ ಮಗೀನೂ ಕರ್ಕೊ, ಕುಂಕುಮ ಇಟ್ಕಂಡೋಗ್ರಿ.”

ಮಜ್ಜಿಗೆ ಕೊಟ್ಟರು, ಕುಂಕುಮ ಇಟ್ಟರು, ನಮಗಿಬ್ಬರಿಗೂ ಬಾಳೆಹಣ್ಣು ಕೊಟ್ಟರು. ಉದಯಕುಮಾರ್ ಫೋನಿನಲ್ಲಿ ‘ಒಪ್ಪಿಗೆ’ ಎಂದು ಒತ್ತಿಕೊಂಡ. ಮುಂದಿನ ಮನೆಯಲ್ಲೂ ಒಪ್ಪಿಗೆ, ಅದರ ಮುಂದಿನ ಮನೆಯಲ್ಲೂ ಒಪ್ಪಿಗೆ. ಬಾಗಿಲಿಗೆ ಬಂದ ಹೆಣ್ಣುಮಕ್ಕಳನ್ನು ‘ಬ್ಯಾಡ’ ಎಂದು ಬರಿಗೈಲಿ ಕಳಿಸುವ ಮನೆ ನಮ್ಮ ಸೀಮೆಯಲ್ಲಿ ಇಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು. ಬಾಳೆಹಣ್ಣು ಸುಲಿದು ತಿಂದೆ.

ಎಲ್ಲ ಎಡವಟ್ಟಿಗೂ ಕಾರಣ ಚೀಲ. ಪ್ಲಾಸ್ಟಿಕ್ ಬೇಡ, ನಮ್ಮೂರಿನದೇ ಏನಾದರೂ ಇರಲಿ ಎಂದು ರುದ್ರಸ್ವಾಮಿ ಸರ್ ಹೇಳಿದ್ದಕ್ಕೆ ಕೋಮಲ ಕೊಳ್ಳೇಗಾಲದ ಸೀರೆ ಅಂಗಡಿಗಳಲ್ಲಿ ಉಳಿದ ರೇಷ್ಮೆ ತುಂಡುಗಳನ್ನು ತಂದು ಪುಟ್ಟ ಪುಟ್ಟ ಚೀಲ ಹೊಲಿದಳು. ಬಾಯಿಗೆ ಜರಿಯ ಅಂಚು, ಕಟ್ಟಲು ಕೆಂಪು ದಾರ, ದಾರಕ್ಕೆ ನನ್ನ ಚೀಟಿ. ಒಳಗೆ ಇರುವುದು ರಾಗಿ ಹಿಟ್ಟು ಎಂದು ಹೇಳಿದರೆ ದೇವರೂ ನಂಬಲಾರ, ಅಷ್ಟು ಚೆಂದ.

ಚೀಟಿಯ ಮುಂಬದಿಗೆ ಕ್ಷಣಮುದ್ದೆ ಎಂದು ಬರೆಯುತ್ತಿದ್ದೆ. ಬರೆದು ಬರೆದು ಬೇಜಾರಾಗಿ ಹಿಂಬದಿಯ ಮೂಲೆಯಲ್ಲಿ, ಯಾರಿಗೂ ಕಾಣದಷ್ಟು ಚಿಕ್ಕದಾಗಿ, ಒಂದೊಂದಕ್ಕೆ ಒಂದೊಂದು ಚಿತ್ರ ಬಿಡಿಸತೊಡಗಿದೆ. ಒಂದಕ್ಕೆ ಆಕಳಿಸುವ ಬೆಕ್ಕು, ಒಂದಕ್ಕೆ ಕೊಡೆ ಹಿಡಿದ ಮೇಕೆ. ಚಿಕ್ಕನಿಂಗಮ್ಮನಿಗೆ ಪುಕ್ಕಟೆ ಕೊಟ್ಟ ಮೊದಲ ಚೀಲದ ಮೇಲೆ ಮೀಸೆ ಇರುವ ಒಂದು ಮುದ್ದೆ. ಆ ಮೀಸೆ ಥೇಟ್ ಉದಯಕುಮಾರನದು.

ಸ್ವಲ್ಪ ದಿನಕ್ಕೆ ಕೇಳಿಕೆ ಶುರುವಾಯಿತು. ಒಂದು ಎರಡಲ್ಲ, ಕುಕ್ಕೆಗಟ್ಟಲೆ. ಸೀಮಂತಕ್ಕೆ ಬೇಕು, ನಾಮಕರಣಕ್ಕೆ ಬೇಕು, ಗೃಹಪ್ರವೇಶಕ್ಕೆ ಬೇಕು. “ಫಂಕ್ಷನ್ ಊಟಕ್ಕೂ ನಮ್ದೇ ಮುದ್ದೆ!” ಎಂದು ಉದಯಕುಮಾರ್ ಕುಣಿದ. ಸೀಮಂತದ ಎಲೆಗೆ ಮುದ್ದೆ ಬಡಿಸಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಹೊಟ್ಟೆಯೊಳಗೆ ಕಪ್ಪೆ ಬಂದು ಕೂತದ್ದು ಆಗಲೇ.

ಆ ಕಪ್ಪೆಗೆ ಕಾರಣ ಸಿಕ್ಕಿದ್ದು ಅವ್ವ ಹನೂರಿನಿಂದ ಬಂದ ದಿನ. ನೆಂಟರ ಮನೆಯ ಸೀಮಂತಕ್ಕೆ ಹೋಗಿದ್ದವಳು ತಾಂಬೂಲದ ಕವರನ್ನು ಮಂಚದ ಮೇಲೆ ಸುರಿದಳು. ತೆಂಗಿನಕಾಯಿ, ವೀಳ್ಯದೆಲೆ, ಬಾಳೆಹಣ್ಣು, ಮತ್ತೆ ಹಸಿರು ರೇಷ್ಮೆಯ ಒಂದು ಚೀಲ.

“ನೋಡಮ್ಮಿ, ಎಷ್ಟ್ ಚೆಂದಾಗದೆ! ಈಗ ರವಿಕೆ ಪೀಸ್ ಕೊಡೋದು ಬುಟ್ಟು ಇದ ಕೊಡ್ತಾವ್ರೆ.”

ಚೀಟಿ ತಿರುಗಿಸಿದೆ. ಮೂಲೆಯಿಂದ ಮೀಸೆಯ ಮುದ್ದೆ ನನ್ನನ್ನೇ ನೋಡಿತು.

“ಅವ್ವ, ಇದು ನಾನು ಹೊನ್ನೂರಲ್ಲಿ ಕೊಟ್ಟಿದ್ದು!”

“ಇದಾ? ಹನೂರಲ್ಲಿ ಕೊಟ್ರಲ್ಲ?” ಅವ್ವನಿಗೆ ಇಂಥ ವಿಷಯದಲ್ಲಿ ತಡೆಯಲಾಗದು. ಫೋನ್ ತೆಗೆದಳು. ಅವಳ ಮಾತು ಮುಗಿಯುವ ಹೊತ್ತಿಗೆ ಚೀಲದ ವಂಶಾವಳಿಯೇ ಗೊತ್ತಾಯಿತು. “ಚಿಕ್ಕನಿಂಗಮ್ಮ ಅವ್ರ ಬೀಗಿತ್ತಿಗೆ ಮಡ್ಲು ತುಂಬೋವಾಗ ಇಟ್ಟಳಂತೆ. ಬೀಗಿತ್ತಿ ಅಜ್ಜೀಪುರಕ್ಕೆ ಒಸ ಮನೆ ಒಕ್ಕಲಿಗೆ ತಕಂಡೋದ್ಳಂತೆ. ಆ ಮನೆಯವ್ರು ಹನೂರಿಗೆ ತಂದ್ರಂತೆ. ಹನೂರೋರು ನಂಗ್ ಕೊಟ್ರು.”

“ಯಾರೂ ಮಾಡ್ಕೊಂಡು ಉಣ್ಣಲಿಲ್ವಾ?”

ಅವ್ವ ನನ್ನ ಮುಖವನ್ನೇ ನೋಡಿದಳು. “ಇಷ್ಟ್ ಚೆಂದಾಗಿರಾದ ಯಾರಾರ ಬಿಚ್ಚಾರಾ? ಬಿಚ್ಚುದ್ ಮೇಲೆ ಇನ್ನೊಬ್ರಿಗೆ ಕೊಡಕಾದದಾ?”

“ಸರಿ, ನೀನೇ ಮಾಡು.”

“ನಾನ್ಯಾಕ್ ಮಾಡ್ಲಿ? ನಮ್ಮನೇಲಿ ರಾಗಿ ಇಟ್ಟಿಲ್ವಾ?” ಎಂದು ಚೀಲವನ್ನು ಟ್ರಂಕಿನೊಳಗೆ ರವಿಕೆ ಪೀಸುಗಳ ಮೇಲೆ ಜೋಪಾನವಾಗಿ ಇಟ್ಟಳು. “ಪಕ್ಕದ್ಮನೆ ರಾಣಿ ಮಗಿನ ನಾಮಕರಣಕ್ಕಾಯ್ತು.”

ಆ ಟ್ರಂಕು ನನಗೆ ಚಿಕ್ಕಂದಿನಿಂದ ಗೊತ್ತು. ಅದರಲ್ಲಿ ಅರಿಶಿನದ ಕಲೆ ಇರುವ ಒಂದು ನೇರಳೆ ರವಿಕೆ ಪೀಸು ಇದೆ. ಅವ್ವ ಅದನ್ನು ಯಾರಿಗೆ ಕೊಟ್ಟರೂ ಊರೆಲ್ಲ ಸುತ್ತಿ ಮತ್ತೆ ಅವಳ ಮಡಿಲಿಗೇ ಬಂದು ಬೀಳುತ್ತದೆ. ಯಾರೂ ಅದನ್ನು ಹೊಲಿಸಿಕೊಂಡಿಲ್ಲ, ಹೊಲಿಸಿಕೊಳ್ಳುವುದೂ ಇಲ್ಲ. ನಮ್ಮ ಕ್ಷಣಮುದ್ದೆಗೂ ಅದೇ ಗತಿ. ಉಂಡು ಮುಗಿಸಿದರಲ್ಲವೇ ಇನ್ನೊಂದು ಕೊಳ್ಳುವುದು? ಮೂರು ತಾಲ್ಲೂಕಿನ ಟ್ರಂಕುಗಳು ತುಂಬುವ ತನಕ ವ್ಯಾಪಾರ, ಆಮೇಲೆ ಇರುವ ಚೀಲಗಳೇ ಸುತ್ತುತ್ತಿರುತ್ತವೆ.

ಮಾರನೆಯ ದಿನ ಉದಯಕುಮಾರನಿಗೆ ಹೇಳಲು ಬಾಯಿ ತೆರೆದೆ. “ಹೊನ್ನೂರಲ್ಲಿ ಕೊಟ್ಟ ಚೀಲ ಹನೂರಲ್ಲಿ...”

“ಹನೂರಲ್ಲೂ ಸಿಗ್ತಾ ಇದ್ಯಾ!” ಎಂದು ಅವನು ರುದ್ರಸ್ವಾಮಿ ಸರ್ ಕೋಣೆಗೆ ಓಡಿದ.

ಸರ್ ಗೋಡೆಗೆ ಜಿಲ್ಲೆಯ ನಕ್ಷೆ ತೂಗುಹಾಕಿ, ನಮ್ಮ ಚೀಲ ಕಂಡ ಕಡೆಯಲ್ಲೆಲ್ಲ ಗುಂಡುಸೂಜಿ ಚುಚ್ಚುತ್ತಿದ್ದರು. ಹನೂರಿಗೊಂದು ಚುಚ್ಚಿದರು. “ಮತ್ತೆಲ್ಲಿ ನೋಡಿದೆ ಭವ್ಯಶ್ರೀ?” ಎಂದರು.

“ಅಜ್ಜೀಪುರಕ್ಕೂ ಹೋಗಿತ್ತಂತೆ ಸರ್, ಆದರೆ ಅದು...”

ಅಜ್ಜೀಪುರಕ್ಕೂ ಒಂದು ಚುಚ್ಚಿದರು. ನಾನು ನಿಜ ಹೇಳಲು ಹೋದಷ್ಟೂ ಸೂಜಿ ಹೆಚ್ಚಾದವು. ಒಡೆಯರಪಾಳ್ಯದಲ್ಲಿ ನೆಲೆಸಿರುವ ಟಿಬೆಟಿಯನ್ನರ ಅಂಗಡಿಯೊಂದರಲ್ಲಿ ನಮ್ಮ ಚೀಲವನ್ನು ಬಾಗಿಲಿಗೆ ತೋರಣದ ಹಾಗೆ ಕಟ್ಟಿದ್ದಾರೆ ಎಂದು ಯಾರೋ ಹೇಳಿದ ದಿನ ಉದಯಕುಮಾರ್ “ಎಕ್ಸ್‌ಪೋರ್ಟು! ಎಕ್ಸ್‌ಪೋರ್ಟು!” ಎಂದು ಕ್ಯಾಂಟೀನಿನಲ್ಲಿ ಎಲ್ಲರಿಗೂ ಟೀ ಕುಡಿಸಿದ. ನಾನೂ ಕುಡಿದೆ.

ಕೋಮಲಳಿಗೆ ಮಾತ್ರ ಎಲ್ಲ ಹೇಳಿದೆ. ಅವಳು ನಂಬಲಿಲ್ಲ.

“ಲೇ ಭವ್ಯಾ, ಒಬ್ರಾದ್ರೂ ಉಂಡಿರಲ್ವೇನೇ?”

“ನೋಡಣ ಹಂಗಾದ್ರೆ.”

ಜೀವಮಾನದಲ್ಲಿ ನಾನು ಮಾಡಿದ ಮೊದಲ ತುಂಟತನ ಅದು. ಕೋಮಲ ಒಂದು ಕೆಂಪು ಚೀಲಕ್ಕೆ ಎಮ್ಮೆಗೆ ಹಾಕುವ ಬೂಸ ತುಂಬಿದಳು. ಮಿಕ್ಕ ಚೀಲಗಳ ಜೊತೆ ಬೆರೆಯದಿರಲಿ ಎಂದು ನಾನು ಚೀಟಿಯ ಹಿಂದೆ ಒಂದು ಎಮ್ಮೆಯನ್ನೇ ಬಿಡಿಸಿದೆ. ಚಿಕ್ಕನಿಂಗಮ್ಮನ ಕೈಗೆ ಕೊಟ್ಟು, “ಹೊಸ ರುಚಿ ಕಣವ್ವ, ಉಂಡು ಹೇಳಿ” ಎಂದು ಬಂದೆವು. ವಾರ ಕಳೆದ ಮೇಲೆ ಅವರು ಬಾವಿಕಟ್ಟೆಯ ಹತ್ತಿರ ಸಿಕ್ಕರು.

“ಮೊನ್ನೆ ಕೊಟ್ಟಿದ್ದು ಎಂಗಿತ್ತು ಚಿಕ್ಕನಿಂಗವ್ವ?” ಕೋಮಲ ಮುಖ ಗಂಟಿಕ್ಕಿಕೊಂಡು ಕೇಳಿದಳು. ನಗು ತಡೆಯಲು ಅವಳಿಗೆ ಬೇರೆ ದಾರಿ ಇಲ್ಲ.

“ಬೆಣ್ಣೆ ಕಣಮ್ಮಿ, ಬೆಣ್ಣೆ! ಬಾಯಿಗಿಟ್ರೆ ಕರಗೋಯ್ತದೆ. ನಮ್ಮೆಜಮಾನ್ರು ಇನ್ನೂ ಅದಾ ಅಂತ ಕೇಳುದ್ರು.”

ಕೋಮಲ ನನ್ನ ತೋಳು ಚಿವುಟಿದ ಗುರುತು ಎಷ್ಟೋ ದಿನ ಇತ್ತು. ಬೂಸದ ಚೀಲ ಆ ಹೊತ್ತಿಗೆ ಯಾವ ಊರಿನ ಯಾವ ಟ್ರಂಕಿನಲ್ಲಿತ್ತೋ.

ನಗು ನಿಂತದ್ದು ಕೋಮಲಳ ಮನೆಗೆ ಹೋದ ಮೇಲೆ. ಮಿಲ್ಲಿನಲ್ಲಿ ಯಶೋದಕ್ಕ ರಾಗಿ ಬೀಸುವ ಯಂತ್ರದ ಮುಂದೆ ನಿಂತು, ಅದನ್ನು ಎಮ್ಮೆಯ ಮೈ ಸವರುವ ಹಾಗೆ ಒರೆಸುತ್ತಿದ್ದರು.

“ಏನವ್ವಾ?” ಎಂದಳು ಕೋಮಲ.

“ಅಜ್ಜೀಪುರದ ದೊಡ್ಡಮಾದಯ್ಯ ಇದ್ಕೆ ಬೆಲೆ ಮಾಡ್ಬುಟ್ಟೋದ್ರು. ತೀರ್ಪು ಕೊಡೋ ಮೈಸೂರಿನ ಮೇಡಂ ಬಂದು ಒಪ್ಪುದ್ ದಿನ್ವೇ ಬಿಚ್ಚಿ ತಕಂಡೋಯ್ತರಂತೆ.”

ವಿಷಯ ಹೀಗೆ. ವಿಶ್ವವಿದ್ಯಾಲಯ ಕೊಡಿಸುವ ಕ್ಷಣಮುದ್ದೆಯ ಯಂತ್ರ ಇಡಲು ಜಾಗ ಬೇಕು. ಮಿಲ್ಲಿನ ಕೊಠಡಿ ಸಣ್ಣದು, ಎರಡು ಯಂತ್ರ ಹಿಡಿಯುವುದಿಲ್ಲ. ರುದ್ರಸ್ವಾಮಿ ಸರ್ ಮನೆಗೇ ಬಂದು, ಮಣೆಯ ಮೇಲೆ ಕೂತು, ಕಾಫಿ ಕುಡಿದು, ರಾಗಿ ಯಂತ್ರ ಮಾರಿ ಜಾಗ ಬಿಡಿಸಿಕೊಡಿ ಎಂದು ಕೇಳಿದ್ದರು. ಯಶೋದಕ್ಕ ಹೂಂ ಎಂದಿದ್ದರು.

“ಯಾಕವ್ವಾ ಹೂಂ ಅಂದೆ? ಊರಿನ ರಾಗಿ ಎಲ್ಲ ಎಲ್ಲಿ ಬೀಸ್ಕತಾರೆ? ನಾವೇನ್ ಉಣ್ಣಾದು?” ಕೋಮಲಳ ದನಿ ಏರಿತು. ಅವರ ಮನೆ ನಡೆಯುತ್ತಿದ್ದುದೇ ಆ ಯಂತ್ರದಿಂದ.

“ಮನೀಗ್ ಬಂದ ಮೇಷ್ಟ್ರಿಗೆ ಆಗಲ್ಲ ಅನ್ನಕಾದದಾ? ಅಂದ್ಬುಟ್ಟಿವ್ನಿ, ಆಯ್ತು. ನೀವೂ ಎಲ್ಲಾ ಊರ್ಗೂ ಮಾರ್ತಿದ್ದೀರಂತಲ್ಲ, ಮೇಷ್ಟ್ರೇ ಅಂದ್ರು, ಸೂಜಿ ಚುಚ್ಚಿ ಮಡಗವ್ರಂತೆ.”

ಹೊರಗೆ ಬಂದ ಮೇಲೆ ಕೋಮಲ ನನ್ನ ಕೈ ಹಿಡಿದುಕೊಂಡಳು. “ಯಾರೂ ಉಣ್ತಿಲ್ಲ ಅಂತ ಮೇಡಂಗೆ ನಾನು ಹೇಳಿದ್ರೆ ಮಿಲ್ಲು ಉಳಿಸ್ಕೊಳ್ಳಕ್ಕೆ ಸುಳ್ಳು ಹೇಳ್ತಾಳೆ ಅಂತಾರೆ. ನೀನು ಹೇಳು ಭವ್ಯಾ. ನಿಂಗೇನೂ ಲಾಭ ಇಲ್ಲ, ನಂಬ್ತಾರೆ.”

“ಹೂಂ” ಎಂದೆ.

ಅಂದ ಮೇಲೆ ಬಸ್ಸಿನಲ್ಲಿ ಯಳಂದೂರಿನ ತನಕ ನನ್ನನ್ನು ನಾನೇ ಬೈದುಕೊಂಡೆ. ಚಿಕ್ಕನಿಂಗಮ್ಮನ ಹೂಂ, ಯಶೋದಕ್ಕನ ಹೂಂ, ನನ್ನ ಹೂಂ, ಎಲ್ಲ ಒಂದೇ ತಾಯಿಯ ಮಕ್ಕಳು. ಹೇಳುತ್ತೇನೆ ಎಂದು ಒಪ್ಪಿಕೊಂಡದ್ದು ಕೂಡ ಅವಳಿಗೆ ಬೇಜಾರಾಗದಿರಲಿ ಎಂದೇ.

ಮೇಡಂ ಬರುವ ದಿನ ಬಂದೇಬಿಟ್ಟಿತು. ಹೆಸರು ಗೋವಿಂದಮ್ಮ. ಮೈಸೂರಿನಲ್ಲಿ ಸಾಂಬಾರ್ ಪುಡಿಯ ಕಾರ್ಖಾನೆ ಕಟ್ಟಿದವರು, ಬಿಳಿ ಕೂದಲು, ಕಾಟನ್ ಸೀರೆ, ಯಾವುದನ್ನೇ ಆಗಲಿ ಮೂಗಿನ ಹತ್ತಿರ ತಂದು ನೋಡುವ ಅಭ್ಯಾಸ. ಮಿಲ್ಲಿನ ಮುಂದೆ ಚಪ್ಪರದ ಹಾಗೆ ಶಾಮಿಯಾನ ಹಾಕಿದ್ದರು. ಒಂದು ಕಡೆ ರುದ್ರಸ್ವಾಮಿ ಸರ್, ಅವರ ಹಿಂದೆ ಸೂಜಿ ತುಂಬಿದ ನಕ್ಷೆ. ಇನ್ನೊಂದು ಕಡೆ ದೊಡ್ಡಮಾದಯ್ಯನ ಟೆಂಪೊ. ಅವರು ವೀಳ್ಯದೆಲೆ ಜಗಿಯುತ್ತಾ, ಸ್ಪ್ಯಾನರ್ ಹಿಡಿದುಕೊಂಡು ಮಿಲ್ಲಿನ ಹೊಸ್ತಿಲ ಮೇಲೆ ಕೂತಿದ್ದರು. ರಾಗಿ ಡಬ್ಬ ಹೊತ್ತು ಬಂದ ಹೆಂಗಸರು ಬೀಸಿಸಲೋ ಬೇಡವೋ ತಿಳಿಯದೆ ಗೋಡೆ ಬದಿಗೆ ನಿಂತಿದ್ದರು.

“ಯಶೋದವ್ವ, ಬೋಲ್ಟ್ ಸಡ್ಲ ಮಾಡ್ಕಳನಾ? ಕತ್ಲೆ ಆಗಕ್ ಮುಂಚೆ ಅಜ್ಜೀಪುರ ಸೇರ್ಬೇಕು.”

“ವಸಿ ತಡೀರಿ ದೊಡ್ಡಪ್ಪ. ಮೇಡಂ ಹೂಂ ಅಂದ್ಬುಡ್ಲಿ.”

ಉದಯಕುಮಾರ್ ಮೈಕ್ ಹಿಡಿದು ಚೆನ್ನಾಗಿಯೇ ಮಾತಾಡಿದ. ಹನೂರು, ಅಜ್ಜೀಪುರ, ಒಡೆಯರಪಾಳ್ಯ ಎಂದು ಕೋಲಿನಿಂದ ತೋರಿಸಿದ. ಅವನ ಕಣ್ಣು ಹೊಳೆಯುತ್ತಿದ್ದವು. ಅವನು ಸುಳ್ಳು ಹೇಳುತ್ತಿರಲಿಲ್ಲ, ಅದೇ ಕಷ್ಟ. ಸುಳ್ಳನಾಗಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

“ಜನ ಏನಂತಾರೆ?” ಎಂದರು ಗೋವಿಂದಮ್ಮ ಮೇಡಂ.

ಗೋಡೆ ಬದಿಯಲ್ಲಿ ನಿಂತಿದ್ದ ಚಿಕ್ಕನಿಂಗಮ್ಮ ಯಾರೂ ಕೇಳುವ ಮೊದಲೇ ಮುಂದೆ ಬಂದರು. “ಬೆಣ್ಣೆ ಕಣ್ರಮ್ಮ! ನಮ್ಮನೇಲಿ ದಿನಾ ಅದೇಯ.”

“ಹೌದಾ? ಒಂದು ಮುದ್ದೆಗೆ ಎಷ್ಟು ನೀರು ಹಾಕ್ತೀರಿ?”

ಚಿಕ್ಕನಿಂಗಮ್ಮ ಸೆರಗು ಸರಿಮಾಡಿಕೊಂಡರು. “ಅದ... ಅದುಕ್ ಎಷ್ಟ್ ಬೇಕೋ ಅಷ್ಟು.”

ಮೇಡಂ ಮೂಗಿನ ತುದಿಯಲ್ಲಿ ನಕ್ಕರೋ ಏನೋ, ಸರಿಯಾಗಿ ಕಾಣಲಿಲ್ಲ. ಅಷ್ಟರಲ್ಲಿ ಯಶೋದಕ್ಕ ತಟ್ಟೆ ತಂದರು. ಮನೆಗೆ ಬಂದ ಮುತ್ತೈದೆಯನ್ನು ಹಾಗೇ ಕಳಿಸಲಾಗದಲ್ಲ. ಅರಿಶಿನ, ಕುಂಕುಮ, ಕಾಯಿ, ಎಲೆ ಅಡಿಕೆ, ಅದರ ಮೇಲೆ ನೀಲಿ ರೇಷ್ಮೆಯ ಹೊಸ ಚೀಲ.

“ಅಬ್ಬಾ, ಎಷ್ಟು ಮುದ್ದಾಗಿದೆ!” ಮೇಡಂ ಚೀಲವನ್ನು ಮೂಗಿನ ಹತ್ತಿರ ಒಯ್ದು ಜರಿಯ ಮೇಲೆ ಬೆರಳಾಡಿಸಿದರು. ಆಮೇಲೆ ಪಕ್ಕದಲ್ಲಿದ್ದ ರುದ್ರಸ್ವಾಮಿ ಸರ್ ಕಡೆ ಬಾಗಿ, “ಬರೋ ವಾರ ನಮ್ಮ ತಂಗಿ ಮಗಳ ಸೀಮಂತ, ಅದಕ್ಕೆ ಆಯ್ತು” ಎಂದು ತಮ್ಮ ಬ್ಯಾಗಿನೊಳಗೆ ಇಟ್ಟುಕೊಂಡರು.

ನಾನು ಕೋಮಲಳನ್ನು ನೋಡಿದೆ. ಕೋಮಲ ನನ್ನನ್ನು ನೋಡಿದಳು. ನಗು ತಡೆಯಲು ಅವಳು ಮುಖ ಗಂಟಿಕ್ಕಿಕೊಂಡಳು. ನಗುವಿನ ಹಿಂದೆಯೇ, ಮಿಲ್ಲಿನ ಒಳಗಿಂದ, ಟಣ್ ಎಂದು ಒಂದು ಸದ್ದು. ದೊಡ್ಡಮಾದಯ್ಯನಿಗೆ ತಾಳ್ಮೆ ಮುಗಿದಿತ್ತು.

ಯಶೋದಕ್ಕ ತಿರುಗಿ ನೋಡಲಿಲ್ಲ. ತಟ್ಟೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಮೇಡಂ ಮುಖವನ್ನೇ ನೋಡುತ್ತಿದ್ದರು. ಮುಖದಲ್ಲಿ ನಗು ಇತ್ತು. ನಮ್ಮ ಕಡೆಯ ಹೆಂಗಸರು ಅತಿಥಿಗಳ ಮುಂದೆ ಹಾಕಿಕೊಳ್ಳುವ ನಗು, ಏನೇ ಆದರೂ ಜಾರದ ನಗು.

“ಎಲ್ಲ ಸರಿ,” ಎಂದರು ಮೇಡಂ ಕನ್ನಡಕ ಒರೆಸುತ್ತಾ. “ಮೂರನೆಯವಳು ಒಂದು ಮಾತೂ ಆಡಲಿಲ್ಲವಲ್ಲ. ಬಾಮ್ಮ ಇಲ್ಲಿ. ಈ ಚೀಟಿ ಬರೆದವಳು ನೀನೇ ಅಲ್ವಾ?”

ಉದಯಕುಮಾರ್ ಮೈಕನ್ನು ನನ್ನ ಕೈಗೆ ತುರುಕಿದ. “ಚೆನ್ನಾಗಿದೆ ಅನ್ನು, ಸಾಕು” ಎಂದು ಪಿಸುಗುಟ್ಟಿದ. ಒಳ್ಳೆಯ ಹುಡುಗ. ನನಗೆ ಸಹಾಯ ಮಾಡುತ್ತಿದ್ದೇನೆ ಎಂದೇ ಅವನು ತಿಳಿದಿದ್ದ.

“ನೀನು ಹೇಳಮ್ಮ,” ಎಂದರು ಮೇಡಂ, “ಜನಕ್ಕೆ ಇದರ ರುಚಿ ಹಿಡಿಸಿದೆ ತಾನೆ? ಯಂತ್ರ ಕೊಡಿಸೋಣ ತಾನೆ?”

ಹೂಂ ಎನ್ನುವುದಕ್ಕೆ ಬಾಯಿಯನ್ನೇ ತೆರೆಯಬೇಕಿಲ್ಲ. ಮೂಗಿನಲ್ಲೇ ಮುಗಿದುಹೋಗುತ್ತದೆ. ಅದು ಆಗಲೇ ಹೊರಟು ಅರ್ಧ ದಾರಿಗೆ ಬಂದಿತ್ತು. ಒಳಗೆ ಮತ್ತೊಂದು ಬೋಲ್ಟು ನೆಲಕ್ಕೆ ಬಿತ್ತು. ರಾಗಿ ಡಬ್ಬದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೈಕಿನಲ್ಲಿ ನನ್ನ ಉಸಿರು ಗಾಳಿ ಬೀಸಿದ ಹಾಗೆ ಕೇಳಿ ನನಗೇ ಗಾಬರಿಯಾಯಿತು. ಅದನ್ನು ಕೆಳಗಿಟ್ಟೆ. ಆಮೇಲೆ ಬಂದ ದನಿ ಎಷ್ಟು ಜೋರಾಗಿತ್ತೆಂದರೆ ಒಳಗಿನ ಸ್ಪ್ಯಾನರ್ ಕೂಡ ನಿಂತಿತು.

“ಅದನ್ನ ಇಲ್ಲೀವರೆಗೆ ಯಾರೂ ಬಿಚ್ಚೇ ಇಲ್ಲ ಮೇಡಂ. ನಿಮ್ಮ ಬ್ಯಾಗಲ್ಲಿರೋದನ್ನೂ ಯಾರೂ ಬಿಚ್ಚಲ್ಲ.”